ಐವತ್ತೆಂಟರ ಬಸುರಿ

ಉಗಾಂಡದ ಕಂಪಾಲ ನಗರದ ಕಟ್ವೆ ಬಡಾವಣೆಯಲ್ಲಿ ತಲೆಯ ಮೇಲೆ ಕಿಟೆಂಗೆ ಬಟ್ಟೆಯ ಗಂಟು ಹೊತ್ತು ಮಾರುವ ಕಾಂಗೋ ಹೆಂಗಸರಲ್ಲಿ ‘ಮಾಮಾ’, ಅಂದರೆ ಅಮ್ಮ, ಎಂದು ಎಲ್ಲರೂ ಕರೆಯುತ್ತಿದ್ದ ನಬಿಂತುವಿನಷ್ಟು ಬಾಯಿ ಇದ್ದವಳು ಇನ್ನೊಬ್ಬಳಿರಲಿಲ್ಲ. ಆದರೆ ಆ ಬಾಯಿ ನಡೆಯುತ್ತಿದ್ದುದು ಸ್ವಾಹಿಲಿಯಲ್ಲಿ, ತನ್ನವರ ನಡುವೆ ಮಾತ್ರ. ಅಲ್ಲಿನವರ ಲುಗಾಂಡ ಭಾಷೆಯೋ ಇಂಗ್ಲಿಷೋ ಎದುರಾದರೆ ಕೋಲೆ ಬಸವನ ಹಾಗೆ ತಲೆಯಾಡಿಸಿ ‘ಎಸ್’ ಎಂದುಬಿಡುತ್ತಿದ್ದಳು. ಕಾಂಗೋದಲ್ಲಿ, ಬುಕಾವು ಪಟ್ಟಣದ ಆಚೆಯ ಹಳ್ಳಿಯಲ್ಲಿ ಅಪ್ಪ ಗಂಡುಮಕ್ಕಳನ್ನು ಶಾಲೆಗೆ ಕಳಿಸಿದ, ಇವಳನ್ನು ಮರಗೆಣಸಿನ ಹೊಲಕ್ಕೆ. ಮುಂದೆ ಯುದ್ಧದಲ್ಲಿ ಗಂಡ ಹೋದ, ಮನೆ ಸುಟ್ಟಿತು. ಗಡಿಯಲ್ಲಿ ಸಿಪಾಯಿ ಏನೋ ಕೇಳಿದ, ಇವಳು ‘ಎಸ್’ ಎಂದಳು, ಅವನು ಒಳಗೆ ಬಿಟ್ಟ. ಒಮ್ಮೆ ಜೀವ ಉಳಿಸಿದ ಮಾತನ್ನು ಯಾರು ತಾನೇ ಬಿಟ್ಟಾರು?

ಐವತ್ತೆಂಟನೆಯ ವಯಸ್ಸಿನಲ್ಲಿ ತಲೆನೋವು ಹಿಡಿದು ಬಿಡದಾದಾಗ ಅವಳು ದವಾಖಾನೆಗೆ ಹೋದಳು. ಬಾಗಿಲಲ್ಲಿ ಕೂತ ಹೊಸ ಹುಡುಗಿ ತಲೆ ಎತ್ತದೆ ಲುಗಾಂಡದಲ್ಲಿ ಸರಸರ ಪ್ರಶ್ನೆ ಕೇಳುತ್ತಿದ್ದಳು.

“ಜ್ವರ ಇದೆಯಾ?”

“ಎಸ್.”

“ಬಸುರಿನಾ?”

“ಎಸ್.”

ಮಡಿಲಲ್ಲಿ ಬಟ್ಟೆಯ ಗಂಟು ಬೇರೆ ದುಂಡಗೆ ಕೂತಿತ್ತು. ಹುಡುಗಿ ಬಸುರಿಯರ ಸಾಲಿನ ಕಡೆ ಕೈ ತೋರಿಸಿದಳು. ಅಲ್ಲಿದ್ದ ಎಳೆಯ ಹೆಂಗಸರು ಗಾಬರಿಯಿಂದ ಸರಿದು ಜಾಗ ಮಾಡಿಕೊಟ್ಟರು. ಈ ದೇಶದವರಿಗೆ ಹಿರಿಯರೆಂದರೆ ಎಷ್ಟು ಗೌರವ ಎಂದು ನಬಿಂತು ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಬಾಣಂತಿಯ ಊಟದ ಬಗ್ಗೆ ಯಾರೋ ಭಾಷಣ ಮಾಡಿದರು, ಅದಕ್ಕೂ ತಲೆಯಾಡಿಸಿದಳು. ಕೊನೆಗೆ ನರ್ಸ್ ನಮುದ್ದು ಅವಳನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆ ಮುಟ್ಟಿ, ಮುಖ ನೋಡಿ, ಮತ್ತೆ ಹೊಟ್ಟೆ ನೋಡಿ, ನಗು ತಡೆಯಲಾರದೆ ಕುರ್ಚಿಯಲ್ಲಿ ಕುಸಿದಳು. ನಗು ನಿಂತ ಮೇಲೆ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದಳು.

“ಅಜ್ಜಿ, ನಿಮಗಿರೋದು ಬಿ.ಪಿ. ಮಗು ಅಲ್ಲ.”

“ಎಸ್,” ಎಂದಳು ನಬಿಂತು.

ಅದೇ ಸಾಲಿನಲ್ಲಿ, ನಬಿಂತು ಬಾಡಿಗೆಗಿದ್ದ ವಠಾರದ ಮನೆಯೊಡತಿ ನಕಿಬೂಲೆಯ ಸೊಸೆಯೂ ಕೂತಿದ್ದಳು. ಹಾಗಾಗಿ ಸುದ್ದಿ ನಬಿಂತುವಿಗಿಂತ ಮೊದಲೇ ವಠಾರ ಸೇರಿತು.

“ಯಾರದು ಅಂತ ಕೇಳಲ್ಲ ಮಾಮಾ,” ಎಂದಳು ನಕಿಬೂಲೆ, ತನ್ನ ಹರಕು ಸ್ವಾಹಿಲಿಯಲ್ಲಿ. “ಗಂಡೋ ಹೆಣ್ಣೋ, ಅಷ್ಟು ಹೇಳಿಬಿಡಿ.”

ನಬಿಂತುವಿನ ನಾಲಿಗೆಯ ತುದಿಯಲ್ಲಿ ಸೊಗಸಾದ ಬೈಗುಳಗಳು ಬಂದು ನಿಂತವು. ಎಲ್ಲ ಸ್ವಾಹಿಲಿಯವು. ಹೇಳಿದರೆ ಅರ್ಧಕ್ಕರ್ಧ ನಕಿಬೂಲೆಗೆ ತಿಳಿಯದೆ ದಂಡವಾಗುತ್ತವೆ. ಆ ಸಂಕಟವೇ ಅವಳನ್ನು ಚರ್ಚಿನ ಹಿಂದಿನ ಕೋಣೆಗೆ ಕರೆದೊಯ್ದದ್ದು. ಅಲ್ಲಿ ಬಿಸಿಮ್ವಾ ಎಂಬ ಮೇಷ್ಟರು, ಅವರೂ ಬುಕಾವುವಿನಿಂದಲೇ ಓಡಿಬಂದವರು, ಸಂಜೆ ಹೊತ್ತು ದೊಡ್ಡವರಿಗೆ ಲುಗಾಂಡ, ಇಂಗ್ಲಿಷ್ ಎರಡನ್ನೂ ಕಲಿಸುತ್ತಿದ್ದರು.

“ಅಕ್ಷರದಿಂದ ಶುರು ಮಾಡೋಣವಾ ಮಾಮಾ?”

“ಅಕ್ಷರ ಆಮೇಲೆ ಮೇಷ್ಟ್ರೇ. ಮೊದಲು ಬೈಗುಳ.”

“ಬೈಗುಳ ಕೊನೇ ಪಾಠ. ನಿಮಗೆ ಮೊದಲು ಬೇಕಾಗಿರೋದು ‘ನೋ’.”

ಆ ಪದ ಅವಳಿಗೆ ಹೊಸ ಚಪ್ಪಲಿಯಂತೆ ಹಿತವಾಯಿತು. ಹೋದಲ್ಲೆಲ್ಲ ಮೆಟ್ಟಿಕೊಂಡು ಹೋದಳು. ಚೌಕಾಸಿ ಮಾಡುವವರಿಗೆ ನೋ, ಪೊಲೀಸನಿಗೂ ನೋ. ದವಾಖಾನೆಯಲ್ಲಿ ನಮುದ್ದು ಕೇಳಿದಳು: “ಉಪ್ಪು ಜಾಸ್ತಿ ತಿಂತೀರಾ?” ನೋ. “ದಿನಾ ನುಂಗೋಕೆ ಕೊಟ್ಟ ಬಿ.ಪಿ. ಮಾತ್ರೆ ತಪ್ಪಿಸ್ತೀರಾ?” ನೋ. ಮನೆಯಲ್ಲಿ ನೋಡಿದರೆ ಪ್ರತಿ ಮಡಕೆಯಲ್ಲೂ ಉಪ್ಪುಮೀನು. ಮಾತ್ರೆ ನುಂಗುತ್ತಿದ್ದುದು ತಲೆ ನೋಯುವ ದಿನ ಮಾತ್ರ. ಉಳಿದವನ್ನು ತಲೆನೋವೆಂದು ಬಂದ ನೆರೆಯವರಿಗೆ ದೊಡ್ಡ ವೈದ್ಯಳ ಗತ್ತಿನಲ್ಲಿ ಹಂಚಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಬಟ್ಟೆಯ ಗಂಟಿನ ಸಮೇತ ರಸ್ತೆಯಲ್ಲೇ ಬಿದ್ದಳು. ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಎಡಗೈ ತನ್ನದಲ್ಲವೆನ್ನುವಂತೆ ಪಕ್ಕದಲ್ಲಿ ಬಿದ್ದಿತ್ತು. ಸಂಜೆಯ ಹೊತ್ತಿಗೆ ಬೆರಳು ಆಡಿದವು. ಆದರೆ ಅಷ್ಟು ಹೊತ್ತು ಅವಳ ಬಾಯಿಂದ ಸ್ವಾಹಿಲಿಯೂ ಹೊರಡಲಿಲ್ಲ. ಬರಿಗಾಲಲ್ಲಿ ಗಡಿ ದಾಟಿದಾಗಲೂ ಅವಳು ಅಷ್ಟು ಹೆದರಿರಲಿಲ್ಲ.

ನೋಡಲು ಬಂದ ಬಿಸಿಮ್ವಾ ಮೇಷ್ಟರು ಹಾಸಿಗೆಯ ಬಳಿ ಕೂತರು. “ತಪ್ಪು ನಂದೇ ಮಾಮಾ. ಎಸ್ ಅಂದ್ರೂ ನೋ ಅಂದ್ರೂ ನೀವು ಉತ್ತರಾನೇ ಕೊಡ್ತಿದ್ರಿ. ಪ್ರಶ್ನೆ ಕೇಳೋದನ್ನ ನಾನು ಕಲಿಸಲೇ ಇಲ್ಲ. ಇವತ್ತು ‘ವೈ’ ಕಲೀರಿ.”

“ಅಂದ್ರೆ?”

“ಯಾಕೆ ಅಂತ.”

ಅಲ್ಲಿಂದ ನಮುದ್ದುವಿಗೆ ಗ್ರಹಚಾರ ಶುರುವಾಯಿತು. ತಲೆ ನೋಯದಿದ್ದರೂ ಮಾತ್ರೆ ಯಾಕೆ?

“ಪೈಪು ಒಡೆಯೋ ಮುಂಚೆ ಕೂಗಿ ಹೇಳುತ್ತಾ ಅಜ್ಜಿ? ಬಿ.ಪಿ.ನೂ ಹಾಗೇ. ನೋವಿಲ್ಲ ಅಂದ್ರೆ ಏನೂ ಇಲ್ಲ ಅಂತಲ್ಲ.”

ನೆರೆಯವಳಿಗೆ ಕೊಟ್ಟರೆ ಯಾಕೆ ತಪ್ಪು? ಉಪ್ಪುಮೀನು ಯಾಕೆ ಬೇಡ? ಪಾಳಿಗೆ ಕಾಯುತ್ತಿದ್ದವರು ಗೊಣಗಿದರು, ನಬಿಂತು ಕದಲಲಿಲ್ಲ. ಮೀನಿನ ವಿಷಯದಲ್ಲಂತೂ ಸಂತೆಯ ಚೌಕಾಸಿಯೇ ನಡೆಯಿತು. ಪೂರ್ತಿ ಬಿಡಿ ಎಂದು ನಮುದ್ದು, ಭಾನುವಾರ ಮಾತ್ರ ಎಂದು ನಬಿಂತು. ಕೊನೆಗೆ ನೀರು ಬದಲಾಯಿಸಿ ಬದಲಾಯಿಸಿ ನೆನೆಸಿದ ಒಂದು ಸಣ್ಣ ತುಂಡು, ಅದೂ ಹಬ್ಬಕ್ಕೆ ಮಾತ್ರ, ಎಂದು ತೀರ್ಮಾನವಾಯಿತು. ಮನೆಗೆ ಹೋಗಿ ಉಳಿದ ಮೀನನ್ನು ನೆರೆಯವರಿಗೆ ಹಂಚುವಾಗ ಅತ್ತಳು. ಗಂಡ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ಎಂದು ತಾನೇ ಹೇಳಿಕೊಂಡು ನಕ್ಕಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಗಾದೆಯ ಮೊದಲರ್ಧ ನಬಿಂತುವಿಗೆ ತಕ್ಕಮಟ್ಟಿಗೆ ಒಗ್ಗಿತು, ಬಿ.ಪಿ. ಇಳಿಯಿತು. ಎರಡನೆಯರ್ಧ ಉಲ್ಟಾ ಹೊಡೆಯಿತು. ಲುಗಾಂಡ ಬಂದ ಮೇಲೆ ಒಂದು ಬೆಳಿಗ್ಗೆ ನೀರಿನ ನಲ್ಲಿಯ ಮುಂದೆ ಅವಳು ನಕಿಬೂಲೆಯ ಏಳು ತಲೆಮಾರನ್ನು ಸ್ವಚ್ಛ ಲುಗಾಂಡದಲ್ಲಿ ಜಾಲಾಡಿದಳು. ನಕಿಬೂಲೆ ಕೊಡ ಕೆಳಗಿಟ್ಟಳು.

“ಒಂದು ಕಡೆ ವ್ಯಾಕರಣ ತಪ್ಪಿತು ಮಾಮಾ,” ಎಂದು ಸರಿಪಡಿಸಿ, ಹಣೆ ಒತ್ತಿಕೊಂಡು ಗೋಡೆಗೆ ಒರಗಿದಳು. “ಬೆಳಿಗ್ಗೆಯಿಂದ ತಲೆ ಸಿಡೀತಿದೆ. ಆ ನಿಮ್ಮ ಮಾತ್ರೆ ಒಂದಿದ್ರೆ ಕೊಡಿ.”

“ಕೊಡಲ್ಲ. ನಡೀರಿ ದವಾಖಾನೆಗೆ.”

“ಸೂಜಿ ಚುಚ್ತಾರೆ, ನಾನು ಬರಲ್ಲ.”

“ಯಾಕೆ ಬರಲ್ಲ? ಯಾಕೆ?”

ಆ ಪದಕ್ಕೆ ಎದುರಾಡಿ ಗೆದ್ದವರಿರಲಿಲ್ಲ. ದವಾಖಾನೆಯಲ್ಲಿ ನಮುದ್ದು ಪಟ್ಟಿ ಕಟ್ಟಿ ನೋಡಿದರೆ, ಮನೆಯೊಡತಿಯ ಬಿ.ಪಿ. ಬಾಡಿಗೆಯವಳದ್ದಕ್ಕಿಂತ ಬಹಳ ಮೇಲಿತ್ತು. ನಬಿಂತು ಅಯ್ಯೋ ಎಂದು ಲೊಚಗುಟ್ಟಿದಳು. ಆದರೆ ಮುಖದಲ್ಲಿ ಹಬ್ಬದ ಕಳೆಯಿತ್ತು.

“ನಗಬೇಡಿ ಮಾಮಾ,” ಎಂದಳು ನಕಿಬೂಲೆ. “ಮುಂದಿನ ತಿಂಗಳು ನಿಮ್ಮದಕ್ಕಿಂತ ಕೆಳಗೆ ತರ್ತೀನಿ, ನೋಡ್ತಿರಿ.”

“ತನ್ನಿ ನೋಡೋಣ,” ಎಂದು ನಬಿಂತು ಅವಳ ಚೀಲ ಎತ್ತಿಕೊಂಡು ಮುಂದೆ ನಡೆದಳು.