ಹದಿನಾಲ್ಕು ಮಾರಿನ ಪ್ರಾಣಿ

ಕೆ.ಆರ್. ನಗರದಲ್ಲಿ ಹುಣಸೂರು ಬಸ್ಸು ಹತ್ತಿದಾಗ ಕಂಡಕ್ಟರು ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಕೊಟ್ಟು, ಕಾಲ ಬಳಿಯ ಚೀಲದ ಕಡೆ ಕಣ್ಣು ಹಾಯಿಸಿದ. ಹಗ್ಗ ಇಣುಕುತ್ತಿತ್ತು.

"ಏನ್ರವ್ವಾ, ಹಸ ತರಕ್ಕೆ ಒಂಟ್ರಾ?"

"ಹಸ ಅಲ್ಲಪ್ಪ, ಕಡಲ ಪ್ರಾಣಿ" ಅಂದೆ. ನಗಬೇಕೋ ಬೇಡವೋ ತಿಳಿಯದೆ ಅವನು ಮುಂದಕ್ಕೆ ಹೋದ.

ನಾನು ಹೇಳಿದ್ದು ನಿಜವನ್ನೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ನಾನೂ ನಮ್ಮ ಯಜಮಾನರೂ ಶಾಲೆ ಶಾಲೆಗೆ ಹೋಗಿ, ಡೈನೋಸಾರುಗಳ ಕಾಲದ ಕಡಲಲ್ಲಿದ್ದ ಇಕ್ತಿಯೊಸಾರ್ ಎಂಬ ದೈತ್ಯ ಸರೀಸೃಪ ಎಷ್ಟುದ್ದವಿತ್ತು ಅಂತ ಬಯಲಲ್ಲಿ ಹಗ್ಗ ಹಾಸಿ ತೋರಿಸುತ್ತಿದ್ದೆವು. ಇಪ್ಪತ್ತೈದು ಮೀಟರ್ ಅಂದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಯಜಮಾನರು ನೂಲಿನ ಹಗ್ಗದ ಮೇಲೆ ಎರಡೂ ಕೈ ಚಾಚಿ, ಒಂದೊಂದು ಮಾರಿಗೂ ಗಂಟು ಹಾಕಿ, ಹದಿನಾಲ್ಕು ಮಾರು ಅಳೆದಿದ್ದರು. ಬಾಲದ ತುದಿ ಅವರ ಕೈಲಿ, ಮೂತಿಯ ತುದಿ ನನ್ನ ಕೈಲಿ.

ಅವರು ತೀರಿಕೊಂಡ ಮೇಲೆ ಇದೇ ಮೊದಲ ಪ್ರಯಾಣ. ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನರ ಹಾಡಿ ಶಾಲೆಗೆ ಬರುತ್ತೇವೆಂದು ಅವರೇ ಮಾತು ಕೊಟ್ಟಿದ್ದರು. ಒಬ್ಬಳ ಕೈಲಿ ಆದರೆ ಮುಂದುವರಿಸುವುದು, ಇಲ್ಲವೇ ಹಗ್ಗವನ್ನು ಅಟ್ಟಕ್ಕೆ ಎಸೆದು ಸುಮ್ಮನೆ ಕೂರುವುದು ಅಂತ ಗಟ್ಟಿ ಮಾಡಿಕೊಂಡು ಹೊರಟಿದ್ದೆ. ಕಿಟಕಿ ಸೀಟಿಗೆ ಯಾವಾಗಲೂ ಜಗಳ ಆಡಿ ಅವರೇ ಗೆಲ್ಲುತ್ತಿದ್ದರು. ಅವತ್ತು ಜಗಳವಿಲ್ಲದೆ ಸಿಕ್ಕಿತು. ಸಿಕ್ಕಿ ಏನು ಬಂತು, ಹಾಳಾದ್ದು.

ಹುಣಸೂರಿನಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಪಿರಿಯಾಪಟ್ಟಣದ ದಾರಿಯ ಕಂಪಲಾಪುರಕ್ಕೆ ಬಂದೆ. ಅಲ್ಲಿ ನನ್ನ ನಾದಿನಿ ಜಯನ ಮನೆ. ಸೋನೆ ಹಿಡಿದಿತ್ತು. ಹೊಗೆಸೊಪ್ಪು ಬೇಯಿಸುವ ಕಾಲ, ಹಿತ್ತಲಿನ ಬ್ಯಾರನ್ ಗೂಡಿನಿಂದ ಘಾಟು ಬರುತ್ತಿತ್ತು. "ಅತ್ತಿಗೆ, ಒಬ್ರೇ ಬಂದ್ಬುಟ್ರಾ?" ಎಂದು ಕೇಳಿದ ಜಯ, ಕೇಳಿದ್ದಕ್ಕೆ ತಾನೇ ಅತ್ತಳು. ಮುದ್ದೆ, ಹುರುಳಿ ಬಸ್ಸಾರು ಬಡಿಸಿ, ಇನ್ನೊಂದು ಮುದ್ದೆ ಅಂತ ಬಲವಂತ ಮಾಡಿದಳು.

ಬೆಳಗ್ಗೆ ನೋಡುತ್ತೇನೆ, ಹಗ್ಗ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದೆ. ಒಂದೂ ಗಂಟಿಲ್ಲ!

"ಬರೀ ಗಂಟಾಕೊಂಡಿತ್ತು ಕಣತ್ತಿಗೆ. ಎಲ್ಲಾ ಬಿಚ್ಚಿ, ಪಿಸ್ಕೊಂಡಿದ್ ತುದೀನೂ ಕುಯ್ದಾಕಿ ನೀಟ್ ಮಾಡಿವ್ನಿ."

ಸೊಪ್ಪಿನ ಕಾಲದಲ್ಲಿ ಆ ಮನೆಯವರೆಲ್ಲ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬೇಯಿಸಿ, ಆಮೇಲೆ ಆ ದಾರ ಬಿಚ್ಚುತ್ತಲೇ ಇರುತ್ತಾರೆ. ಗಂಟು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ನಿನ್ನಣ್ಣನ ಅಳತೆ ಬಿಚ್ಚಿದೆಯಲ್ಲೇ ಅಂತ ಹೇಗೆ ಹೇಳಲಿ? "ಒಳ್ಳೇದಾಯ್ತು ಬುಡು" ಅಂದು, ಬ್ಯಾರನ್ ಹಿಂದಕ್ಕೆ ಹೋಗಿ ಮನಸಾರೆ ಅತ್ತೆ. ಟೇಪು ಇರಲಿಲ್ಲವೇ ಎಂದು ನೀವು ಕೇಳಬಹುದು. ಚೀಲದಲ್ಲೇ ಇತ್ತು. ಇಪ್ಪತ್ತೈದು ಮೀಟರ್ ಯಾರು ಬೇಕಾದರೂ ಅಳೆದುಕೊಡುತ್ತಾರೆ, ನನಗೆ ಬೇಕಿದ್ದದ್ದು ಅವರ ಮಾರು.

ಮತ್ತೆ ಹುಣಸೂರು, ಅಲ್ಲಿಂದ ಕೋಟೆ, ಕೋಟೆಯಿಂದ ಆಟೋ. ದಾರಿಯುದ್ದಕ್ಕೂ ವಾಪಸ್ ಹೋಗಿಬಿಡೋಣ ಅನ್ನಿಸುತ್ತಿತ್ತು. ಶಾಲೆ ಮುಟ್ಟುವಾಗ ಮಳೆ ಬಿಟ್ಟಿತ್ತು. ಮಕ್ಕಳು ಬಯಲಿಗೆ ಬಂದು ನಿಂತಿದ್ದರು. ಅಡುಗೆಯ ಕೆಂಪಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಇಕ್ತಿಯೊಸಾರ್ ಅಂದ್ರೆ ಮೀನಾ, ಮಿಸ್?" ಅಂತ ಒಬ್ಬಳು ಹುಡುಗಿ ಕೇಳಿದಳು.

"ಮೀನಲ್ಲ. ಕಿವಿರಿಲ್ಲ, ಉಸಿರಿಗೆ ಮೇಲೆ ಬರಲೇಬೇಕು. ಡೈನೋಸಾರೂ ಅಲ್ಲ, ಅದರದೇ ಬೇರೆ ಕುಲ."

"ಹದಿನಾಲ್ಕು ಮಾರುದ್ದ ಅಂತ ಯಾರ್ ಅಳೆದ್ರು?"

"ಯಾರೂ ಅಳೆದಿಲ್ಲ ಕಣೇ. ತೀರಾ ದೊಡ್ಡದರದು ಸಿಕ್ಕಿರೋದು ದವಡೆ ಮೂಳೆ. ಅದರ ಚಿಕ್ಕ ನೆಂಟರ ಮೈ ಮೂಳೆ ಹೆಚ್ಚು ಸಿಕ್ಕಿದೆ. ನೆಂಟನ ದವಡೆಗೆ ಮೈ ಇಷ್ಟಾದರೆ, ಈ ದವಡೆಗೆ ಎಷ್ಟು? ಅದೇ ಲೆಕ್ಕ. ನೆಂಟನ್ನ ತಪ್ಪಾಗಿ ಹಿಡಿದರೆ ಲೆಕ್ಕಾನೂ ತಪ್ಪು."

ಹೇಳುತ್ತಾ ಹಗ್ಗ ಬಿಡಿಸಿದೆ. ಬಿಸಿಲಲ್ಲಿ ಆಗ ಕಂಡಿತು. ಇಷ್ಟು ವರ್ಷದ ಶಾಲೆ ಬಯಲುಗಳ ಮಣ್ಣು ಹತ್ತಿ ಹಗ್ಗವೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು, ಗಂಟಿನ ಒಳಗಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಒಂದು ಬಿಳಿ ಗುರುತು, ಅವರ ಒಂದು ಮಾರು ದೂರಕ್ಕೆ ಇನ್ನೊಂದು. ಒಂದನ್ನು ಎಡಗೈಲಿ ಹಿಡಿದು ಬಲಗೈ ಚಾಚಿದೆ. ಇನ್ನೊಂದು ಸಿಗಲಿಲ್ಲ. ಎಷ್ಟು ಎಳೆದರೂ ಒಂದು ಗೇಣು ಸಾಲದು. ಹಾಗೇ ಕೈ ಚಾಚಿಕೊಂಡು ನಿಂತುಬಿಟ್ಟೆ.

"ಇದ್ಯಾಕವ್ವಾ ಇಂಗೆ ನಿಂತ್ರಿ? ಯಾರ್ನ ತಬ್ಕಬೇಕು?" ಎಂದಳು ಕೆಂಪಮ್ಮ.

"ನಮ್ಮ ಯಜಮಾನ್ರನ್ನ ಕಣವ್ವಾ" ಅಂದೆ.

ಮಕ್ಕಳು ನಕ್ಕರು. ಕೆಂಪಮ್ಮ ನಗಲಿಲ್ಲ. ಸೌಟು ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಇತ್ತ ಕೊಡಿ ಆ ತುದೀನ." ಬಾಲ ಹಿಡಿದು ನಡೆದಳು, ನಡೆದಳು, ಅಡುಗೆಮನೆ ದಾಟಿ ನುಗ್ಗೆಮರದ ಬುಡಕ್ಕೆ ಹೋಗಿ ನಿಂತಳು. ಗಂಟು ನುಂಗಿದ್ದ ಹಗ್ಗ ಹೊರಬಂದು, ಜಯ ಕುಯ್ದದ್ದು ಹೋಗಿ, ಕೊನೆಗೆ ಉದ್ದ ಎಷ್ಟಾಯಿತೋ ಗೊತ್ತಿಲ್ಲ. ವಿಜ್ಞಾನಿಗಳಿಗೇ ಒಮ್ಮತವಿಲ್ಲ, ನನ್ನದೇನು! ಮಕ್ಕಳು ಮೂತಿಯಿಂದ ಬಾಲಕ್ಕೆ ಕೂಗುತ್ತಾ ಓಡಿದರು.

ಸಂಜೆ ಕೋಟೆಯಲ್ಲಿ ಬಸ್ಸು ಹತ್ತಿ, ಬಿಳಿ ಗುರುತು ಇದ್ದಲ್ಲೆಲ್ಲ ಗಂಟು ಹಾಕಿದೆ. ಹಗ್ಗವನ್ನು ಪಕ್ಕದ ಕಿಟಕಿ ಸೀಟಿನ ಮೇಲಿಟ್ಟೆ. ಮುಂದಿನ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹತ್ತಿದಳು.

"ಇಲ್ಲಿ ಯಾರಾದ್ರೂ ಅವ್ರಾ?"

"ಇದಾರೆ" ಅಂದುಬಿಟ್ಟೆ. ಆಮೇಲೆ ಹಗ್ಗ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆಗೆ ಸರಿದು ಜಾಗ ಕೊಟ್ಟೆ.