ಮೊದಲ ಸ್ಲೈಡು ಅತ್ತಿಗೆಯದು

ಮೈಕ್ರೋಸ್ಕೋಪನ್ನು ಹೊರುವಾಗ ಒಂದು ಕೈ ಅದರ ಬೆನ್ನಿನ ತೋಳಿಗೆ, ಇನ್ನೊಂದು ಕೈ ಬುಡದ ಕೆಳಗೆ ಎಂದು ಅತ್ತಿಗೆ ಫೋನಿನಲ್ಲೇ ಹೇಳಿದ್ದರು. ನಾನು ಹೂಂಗುಟ್ಟಿದ್ದೆ. ಹೂಂಗುಟ್ಟುವುದರಲ್ಲಿ ನಾನು ಎತ್ತಿದ ಕೈ. ಆದರೆ ಕ್ಲಿನಿಕ್ಕಿನ ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡು, ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ಹಟ ಹಿಡಿದಾಗ, ಒಳಗಿನ ಯಂತ್ರವನ್ನಷ್ಟೇ ಹೊರತೆಗೆದು, ಹಾಲು ಕಕ್ಕುವ ಕೂಸನ್ನು ಎತ್ತಿಕೊಂಡಂತೆ ಹೆಗಲಿಗೆ ಒರಗಿಸಿಕೊಂಡು ಹತ್ತಿದೆ. ಮೇಲಿನ ಮಹಡಿಯ ಬೆಂಚಿನಲ್ಲಿ ಪರೀಕ್ಷೆಗೆ ರಕ್ತ ಕೊಡಲು ಕಾದವರ ಸಾಲಿತ್ತು. ಅವರನ್ನು ದಾಟುವಾಗ ಯಂತ್ರ ಸ್ವಲ್ಪ ತಲೆ ಬಗ್ಗಿಸಿತು. ಕಣ್ಣಿಟ್ಟು ನೋಡುವ ಐಪೀಸು ಕೊಳವೆಯಿಂದ ಜಾರಿ, ಬೆಂಚಿನ ತುದಿಯಲ್ಲಿದ್ದ ಹೆಂಗಸಿನ ತೆರೆದ ಬ್ಯಾಗಿನೊಳಗೆ ಬಿತ್ತು. ನಾನು ಹಿಂದುಮುಂದು ನೋಡದೆ ಬ್ಯಾಗಿಗೆ ಕೈ ಹಾಕಿದೆ.

“ಏನ್ರೀ ಇದು! ಹಾಡುಹಗಲೇ ಬ್ಯಾಗಿಗೆ ಕೈ ಹಾಕ್ತೀರಲ್ರೀ!”

“ಕಣ್ಣು ಬಿದ್ದಿದೆ, ಅಮ್ಮ...”

“ಬಿದ್ದಿರೋದು ಕಾಣ್ತಾ ಇದೆ ಬಿಡಿ!”

ಸಾಲಿಗೆ ಸಾಲೇ ಎದ್ದು ನಿಂತಿತು. ನನ್ನ ಒಂದು ಕೈ ಬ್ಯಾಗಿನಲ್ಲಿ, ಇನ್ನೊಂದು ಕೈಯಲ್ಲಿ ಕುರುಡು ಮೈಕ್ರೋಸ್ಕೋಪು. ಅಷ್ಟರಲ್ಲಿ ಲ್ಯಾಬಿನ ಬಾಗಿಲಲ್ಲಿ ಅತ್ತಿಗೆಯ ದನಿ ಕೇಳಿಸಿತು.

“ಕೂತ್ಕೊಳ್ಳಿ ಎಲ್ರೂ. ಕಳ್ಳ ಅಲ್ಲ ಅವನು, ನನ್ನ ಮೈದುನ. ಕದಿಯೋವಷ್ಟು ಚುರುಕಿದ್ದಿದ್ರೆ ಯಾವತ್ತೋ ಉದ್ಧಾರ ಆಗಿರ್ತಿದ್ದ.”

ಜನ ನಕ್ಕರು, ನಾನೂ ಹಲ್ಲು ಕಿರಿದೆ. ಅತ್ತಿಗೆ ನಗಲಿಲ್ಲ. ಅದು ಹೊಸತಲ್ಲ, ಅವರು ನಗುವವರೇ ಅಲ್ಲ. ಹೊಸತು ಯಾವುದೆಂದರೆ, ಸ್ಟೂಲಿನಿಂದ ಬಾಗಿಲವರೆಗೆ ಬರುವುದರೊಳಗೆ ಅವರಿಗೆ ಏದುಸಿರು ಬಂದಿತ್ತು. ಚೌಕಟ್ಟನ್ನು ಹಿಡಿದುಕೊಂಡೇ ನಿಂತಿದ್ದರು. ಹಿಡಿದ ಕೈಯ ಒಳಮೈಯಲ್ಲಿ ಅಂಗೈಯಗಲದ ನೀಲಿ ಕಲೆ.

“ಏನದು ಅತ್ತಿಗೆ?”

“ಫ್ರಿಜ್ಜಿನ ಬಾಗಿಲು ತಾಗ್ತು. ಮೊದಲು ಅದನ್ನ ಮೇಜಿನ ಮೇಲಿಡು. ಇನ್ನೊಂದು ಕಣ್ಣೂ ಉದುರಿಸಬೇಡ.”

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಈ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ತಲೆತುಂಬ ಕೂದಲಿತ್ತು. ಅಷ್ಟು ಹಳೆಯ ಮಾತು. ಲ್ಯಾಬು ಎಂದರೆ ಒಂದೇ ಕೋಣೆ. ಇರುವ ಒಂದು ಕಿಟಕಿಯೂ ಪಕ್ಕದ ಕಟ್ಟಡದ ಗೋಡೆಯನ್ನು ನೋಡುತ್ತದೆ. ಹಗಲಲ್ಲೂ ದೀಪ ಬೇಕು. ಮೂಲೆಯಲ್ಲಿ ಫ್ರಿಜ್ಜು ನರಳುತ್ತಿರುತ್ತದೆ, ಸಿಂಕಿನ ಅಂಚೆಲ್ಲ ಅಳಿಸಲಾಗದ ನೇರಳೆ ಕಲೆ. ಅತ್ತಿಗೆಯ ಬೆರಳುಗಳಿಗೂ ಅದೇ ಬಣ್ಣ. ಅಣ್ಣ ಹೇಳುವ ಪ್ರಕಾರ ಹೆಣ್ಣು ನೋಡಲು ಹೋದ ದಿನವೂ ಹಾಗೇ ಇತ್ತಂತೆ. ಶಾಯಿಯ ಕಲೆ, ಹುಡುಗಿ ಬಹಳ ಓದುತ್ತಾಳೆ ಎಂದುಕೊಂಡು ಒಪ್ಪಿದೆ ಎನ್ನುತ್ತಾನೆ.

ಊರಿನಲ್ಲಿ ಅರ್ಧ ಜನರ ರಕ್ತ ಅವರ ಕಣ್ಣ ಕೆಳಗೆ ಹಾದಿದೆ. ಮುಖಗಳು ಮಾತ್ರ ನೆನಪಿರುವುದಿಲ್ಲ. ಮದುವೆಮನೆಯಲ್ಲಿ ಯಾರೋ ಬಂದು ಆತ್ಮೀಯವಾಗಿ ಮಾತಾಡಿಸಿದರೆ ಪಿಳಿಪಿಳಿ ನೋಡುತ್ತಾರೆ. ಬಂದವರು ಆ ಕಡೆ ಹೋದ ಮೇಲೆ ಅವರ ಸ್ಲೈಡು ತಟ್ಟನೆ ನೆನಪಾಗುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಯಾರಿಗೆ ಏನಿದೆ ಎಂದು ಅಣ್ಣನ ಹತ್ತಿರವೂ ಹೇಳಿದವರಲ್ಲ. ರೋಗಿಗಳು ಬಾಗಿಲಲ್ಲಿ ನಿಂತು ಅವರ ಮುಖದಲ್ಲಿ ರಿಪೋರ್ಟು ಓದಲು ಹೆಣಗುತ್ತಾರೆ. ಅಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಒಳ್ಳೆಯದಕ್ಕೂ ಅದೇ ಮುಖ, ಕೆಟ್ಟದ್ದಕ್ಕೂ ಅದೇ ಮುಖ, ನನ್ನ ಹಾಸ್ಯಲೇಖನಗಳಿಗೂ ಅದೇ ಮುಖ.

ಹಳೆಯ ಮೈಕ್ರೋಸ್ಕೋಪು ಮುದಿಯಾಗಿತ್ತು. ಸ್ಲೈಡು ಇಡುವ ತಟ್ಟೆ ತಾನಾಗಿಯೇ ಕೆಳಗೆ ಜಾರುತ್ತಿತ್ತು. ಅತ್ತಿಗೆ ಒಂದು ಕೈಯಲ್ಲಿ ಅದನ್ನು ಎತ್ತಿಹಿಡಿದುಕೊಂಡೇ ಕೆಲಸ ಸಾಗಿಸುತ್ತಿದ್ದರು. ಕೊನೆಗೂ ಹೊಸದು ಬಂತು. ಅಂಗಡಿಯವರು ಅದನ್ನು ಕೆಳಗೇ ಇಳಿಸಿ ಹೋದರು. ಮೆಟ್ಟಿಲು ಹತ್ತಿಳಿಯಲು ಈಚೆಗೆ ಆಗುತ್ತಿಲ್ಲ, ನೀನೇ ಬಾ ಎಂದು ನನಗೆ ಫೋನು ಬಂತು. ಕೈಯಲ್ಲಿ ಕೆಲಸವಿಲ್ಲದವನೆಂದು ಮನೆಮಂದಿಯಲ್ಲಿ ನನಗೆ ಹೆಸರಿದೆ.

ಕಾದವರ ರಕ್ತವನ್ನೆಲ್ಲ ತೆಗೆದು ಕಳಿಸಿದ ಮೇಲೆ ಅತ್ತಿಗೆ ಹೊಸದರ ಮುಂದೆ ಕೂತರು. ರಕ್ತ ತಿರುಗಿಸುವ ಯಂತ್ರ ಅದುರಿಸುತ್ತದೆಂದು ಅದರಿಂದ ದೂರದ ಮೇಜು. ಮೇಜಿನ ಕಾಲು ಕುಂಟುತ್ತದೆಯೇ ಎಂದು ಅಲುಗಾಡಿಸಿ ನೋಡಿ, ಮಡಿಸಿದ ರಟ್ಟನ್ನು ಒಂದು ಕಾಲಿಗೆ ಕೊಟ್ಟರು. ಬಿದ್ದ ಐಪೀಸನ್ನು ದೀಪದೆದುರು ಹಿಡಿದು, ತಿರುಗಿಸಿ, ಮೆತ್ತನೆ ಕಾಗದದಿಂದ ಒರೆಸಿ ಮತ್ತೆ ಕೂಡಿಸಿದರು. ದೀಪ ಹಚ್ಚಿದರು. ಅದರ ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುವ ಕಂಡೆನ್ಸರನ್ನು ಏರಿಸಿ, ಇಳಿಸಿ, ಕೂದಲೆಳೆಯಷ್ಟು ಏರಿಸಿ ಬಿಟ್ಟರು.

“ನಾನೊಂದ್ಸಲ ನೋಡ್ಲಾ?” ಎಂದೆ.

“ನೋಡು. ಯಾವ ಗುಂಡಿಯನ್ನೂ ಮುಟ್ಟಬೇಡ.”

ಕಣ್ಣಿಟ್ಟೆ. ಬೆಳಗುವ ವೃತ್ತದ ಅಂಚಿನಲ್ಲಿ ಕಪ್ಪು ಕಾಲುಗಳ ಭಯಂಕರ ಜಂತುವೊಂದು ಮಿಸುಕಾಡಿತು. “ಅತ್ತಿಗೆ, ಹುಳ! ಕಾಲು ಆಡಿಸ್ತಾ ಇದೆ!”

“ಕಣ್ಣು ಮಿಟುಕಿಸಬೇಡ, ಅದೂ ಆಡ್ಸಲ್ಲ. ನಿನ್ನ ರೆಪ್ಪೆ ಅದು. ಸ್ಲೈಡೇ ಇಟ್ಟಿಲ್ಲ ಇನ್ನೂ.”

ಇಂಗು ತಿಂದ ಮಂಗನಂತೆ ಹಿಂದೆ ಸರಿದೆ.

ಈಗ ಅತ್ತಿಗೆಯ ಪದ್ಧತಿಯನ್ನು ಹೇಳಬೇಕು. ಹೊಸ ಲೆನ್ಸು ಬರಲಿ, ಹೊಸ ಬಲ್ಬು ಬರಲಿ, ಬಣ್ಣದ ಬಾಟಲಿ ಬದಲಾಗಲಿ, ಮೊದಲ ಸ್ಲೈಡು ಅವರದೇ ರಕ್ತದ್ದು. ಬೇರೆಯವರ ರಕ್ತ ಹೇಗಿದೆಯೆಂದು ಗೊತ್ತಿರುವುದಿಲ್ಲ, ನೋಡಿಯೇ ತಿಳಿಯಬೇಕು. ತಮ್ಮದು ಬಾಯಿಪಾಠ. ಅದು ಎಂದಿನಂತೆ ಕಂಡರೆ ಯಂತ್ರ ಸರಿಯಿದೆ, ಕಾಣದಿದ್ದರೆ ಯಂತ್ರದಲ್ಲಿ ದೋಷವಿದೆ. ಇಷ್ಟು ವರ್ಷವೂ ಈ ಲೆಕ್ಕ ತಪ್ಪಿರಲಿಲ್ಲ.

ಬೆರಳಿಗೆ ಸೂಜಿ ಚುಚ್ಚಿಕೊಂಡರು. ಹನಿಯನ್ನು ಗಾಜಿನ ಮೇಲಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡಿದರು. ಒಣಗಿದ ಮೇಲೆ ನೇರಳೆ ಬಣ್ಣ ಹುಯ್ದು, ತೊಳೆದು, ಓರೆಯಾಗಿ ನಿಲ್ಲಿಸಿದರು. ಬೆರಳಿಗೆ ಒತ್ತಿಕೊಂಡಿದ್ದ ಹತ್ತಿ ಅಷ್ಟರಲ್ಲಿ ಪೂರ್ತಿ ಕೆಂಪಾಗಿತ್ತು. ಬೇರೆ ಹತ್ತಿ ಹಿಡಿದರು. ಅದೂ ಕೆಂಪಾಯಿತು.

“ಇಷ್ಟು ಹೊತ್ತು ಸುರಿಯತ್ತಾ?” ಎಂದೆ.

“ಸೂಜಿ ಹೊಸದು,” ಎಂದರು.

ಮೊದಲು ಚಿಕ್ಕ ಲೆನ್ಸು. ಪಕ್ಕದಿಂದ ನೋಡುತ್ತ, ಗಾಜಿಗೆ ತಾಗದಂತೆ ತಟ್ಟೆಯನ್ನು ಮೇಲೆತ್ತಿ, ಆಮೇಲೆ ಕಣ್ಣಿಟ್ಟರು. ದೊಡ್ಡ ಗುಂಡಿ ತಿರುಗಿಸುವುದೆಲ್ಲ ಈ ಲೆನ್ಸಿನಲ್ಲೇ, ದೊಡ್ಡ ಲೆನ್ಸಿಗೆ ಹೋಗಿ ಅದನ್ನು ತಿರುಗಿಸಿದರೆ ಗಾಜು ಪುಡಿ ಎಂದು ನನಗೆ ಹೇಳುತ್ತಲೇ ಇದ್ದರು. ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಎಲ್ಲಕ್ಕಿಂತ ದೊಡ್ಡ ಲೆನ್ಸನ್ನು ಟಕ್ಕೆಂದು ತಿರುಗಿಸಿ ಅದರೊಳಗೆ ಅದ್ದಿದರು. “ಈಗ ಸಣ್ಣ ಗುಂಡಿ ಮಾತ್ರ. ಉಸಿರಾಡಿದಷ್ಟು ಮೆಲ್ಲಗೆ...”

ಮಾತನ್ನು ಅಲ್ಲಿಗೇ ಬಿಟ್ಟು ಎಡಗೈಯನ್ನು ಪಕ್ಕಕ್ಕೆ ಚಾಚಿದರು.

ಅವರ ಎಡಗೈ ಬಳಿ ಎಣಿಸುವ ಯಂತ್ರವೊಂದಿರುತ್ತದೆ. ಬಿಳಿಕಣಗಳಲ್ಲಿ ಬಗೆಬಗೆಯವು ಇವೆಯಂತೆ, ಒಂದೊಂದು ಬಗೆಗೆ ಒಂದೊಂದು ಗುಂಡಿ. ಕಣ್ಣು ಒಳಗೆ ನೋಡುತ್ತಿರುವಾಗ ಬೆರಳುಗಳು ತಾವಾಗಿ ಗುಂಡಿಯಿಂದ ಗುಂಡಿಗೆ ಓಡಾಡುತ್ತವೆ. ನೂರಾದಾಗ ಟಿಣ್ ಎನ್ನುತ್ತದೆ. ಕೊನೆಯ ಗುಂಡಿಯ ಮೇಲೆ ಮಾತ್ರ ಏನೂ ಬರೆದಿಲ್ಲ. ಅದು ಯಾತಕ್ಕೆ ಎಂದು ನಾನು ಹಿಂದೊಮ್ಮೆ ಕೇಳಿದ್ದೆ. “ಇರಬಾರದ್ದು ಕಂಡ್ರೆ ಒತ್ತೋದಕ್ಕೆ” ಎಂದಿದ್ದರು. ಅದರ ಮೇಲೆ ಯಾವಾಗಲೂ ಧೂಳು ಕೂತಿರುತ್ತಿತ್ತು.

ಟಕ್. ಟಕ್. ಟಕ್. ಟಕ್.

ಬೆರಳುಗಳು ಓಡಾಡುತ್ತಿರಲಿಲ್ಲ. ಕಿರುಬೆರಳೊಂದೇ ಏಳುತ್ತಿತ್ತು, ಬೀಳುತ್ತಿತ್ತು, ಕೊನೆಯ ಗುಂಡಿಯ ಮೇಲೆ. ಅಪರೂಪಕ್ಕೊಮ್ಮೆ ಬೇರೆ ಬೆರಳೊಂದು ಅಲುಗಿ ಸುಮ್ಮನಾಗುತ್ತಿತ್ತು. ಫ್ರಿಜ್ಜು ನರಳುವುದನ್ನು ನಿಲ್ಲಿಸಿದ್ದರಿಂದ ಆ ಸದ್ದು ಕೋಣೆಯೆಲ್ಲ ತುಂಬಿಕೊಂಡಿತು. ಬಾಯಿಗೆ ಬಂದ ಜೋಕೊಂದನ್ನು ನಾನು ನುಂಗಿದೆ. ಟಿಣ್ ಎಂದಾಗ ಕೂತಲ್ಲೇ ಬೆಚ್ಚಿಬಿದ್ದೆ.

ಅತ್ತಿಗೆ ಕಣ್ಣೆತ್ತಿ ಹೊಸ ಮೈಕ್ರೋಸ್ಕೋಪನ್ನು ದುರುಗುಟ್ಟಿ ನೋಡಿದರು.

“ಏನೋ ಎಡವಟ್ಟಾಗಿದೆ ಇದಕ್ಕೆ. ನೀನು ಬೀಳಿಸಿದ್ಯಲ್ಲ, ಅದಕ್ಕೇ ಇರ್ಬೇಕು.”

“ಹೌದು ಅತ್ತಿಗೆ, ಜೋರಾಗೇ ಬಿತ್ತು,” ಎಂದೆ. ಬಿದ್ದಿದ್ದು ಬ್ಯಾಗಿನಲ್ಲಿದ್ದ ಮೆತ್ತನೆ ಶಾಲಿನ ಮೇಲೆ. ನಾನು ಮಾಡಿದ ಅನಾಹುತ ದೊಡ್ಡದಾಗಿರಲಿ ಎಂದು ಜೀವನದಲ್ಲಿ ಮೊದಲ ಸಲ ಹಾರೈಸಿಕೊಂಡೆ.

ಎಣ್ಣೆ ಒರೆಸಿದರು. ಲೆನ್ಸುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಮತ್ತೆ ತಿರುಗಿಸಿ ಕೂಡಿಸಿದರು. ಐಪೀಸುಗಳನ್ನು ಅದಲು ಬದಲು ಮಾಡಿದರು. ಕಂಡೆನ್ಸರನ್ನು ಮತ್ತೆ ಮೊದಲಿಂದ ಹೊಂದಿಸಿದರು. ನೋಡಿದರು. ಬಣ್ಣದ ಬಾಟಲಿಯನ್ನೆತ್ತಿ ತಳದಲ್ಲಿ ಗಷ್ಟು ಕೂತಿದೆಯೇ ಎಂದು ಅಲುಗಾಡಿಸಿದರು. ತಪ್ಪು ಅದರದೆಂಬ ನಂಬಿಕೆಯೂ ಹುಟ್ಟಿದಂತೆ ಕಾಣಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

“ಬೆರಳು ಕೊಡು.”

“ನನ್ನದ್ಯಾಕೆ?”

“ಅದೇ ಬಣ್ಣ, ಅದೇ ಲೆನ್ಸು, ಬೇರೆ ರಕ್ತ. ನಿಂದೂ ಹಾಗೇ ಕಂಡ್ರೆ ಯಂತ್ರ ವಾಪಸ್ ಕಳಿಸೋಣ. ಕೊಡೋ, ಚಿಕ್ಕ ಮಕ್ಕಳೂ ಇಷ್ಟು ರಾಗ ಎಳೆಯಲ್ಲ.”

ಕೊಟ್ಟೆ. ಸೂಜಿ ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಹತ್ತು ಬೆರಳನ್ನೂ ಕೊಡುತ್ತಿದ್ದೆ. ಒಂದು ಹನಿ ತೆಗೆದು ಹತ್ತಿ ಸುತ್ತಿದರು, ರಕ್ತ ಅಲ್ಲೇ ನಿಂತಿತು. ಹರಡಿದರು, ಬಣ್ಣ ಹಾಕಿದರು, ತೊಳೆದರು. ಒಣಗಲು ಕಾದೆವು. ನನ್ನ ರಕ್ತದಲ್ಲಿಯೂ ಏನಾದರೂ ಕೆಟ್ಟದ್ದು ಕಾಣಲಿ, ಯಂತ್ರ ಸುಳ್ಳು ಹೇಳುತ್ತಿರಲಿ ಎಂದು ಬೇಡಿಕೊಂಡೆ.

ಎಣ್ಣೆ, ದೊಡ್ಡ ಲೆನ್ಸು, ಸಣ್ಣ ಗುಂಡಿ. ಟಕ್, ಟಕಟಕ್, ಟಕ್, ಟಕಟಕ್. ಬೆರಳುಗಳೆಲ್ಲ ಓಡಾಡತೊಡಗಿದವು. ಕಿರುಬೆರಳು ಮಾತ್ರ ಮೇಲೆದ್ದೇ ನಿಂತಿತ್ತು. ಟಿಣ್.

“ನಿನ್ನ ರಕ್ತ ನಿನ್ನ ಬರವಣಿಗೆ ಹಾಗೇ ಇದೆ,” ಎಂದರು ಅತ್ತಿಗೆ. “ವಿಶೇಷ ಏನೂ ಇಲ್ಲ.”

ಇಷ್ಟು ಒಳ್ಳೆಯ ವಿಮರ್ಶೆಯನ್ನು ಅಷ್ಟು ಭಯದಿಂದ ನಾನು ಎಂದೂ ಕೇಳಿರಲಿಲ್ಲ. ಎರಡನ್ನೂ ತೋರಿಸಿ ಎಂದು ಕೇಳಿದೆ. ಬೇಡವೆನ್ನುತ್ತಾರೆಂದುಕೊಂಡಿದ್ದೆ, ಸ್ಟೂಲು ಬಿಟ್ಟುಕೊಟ್ಟರು. ನನ್ನದರಲ್ಲಿ ತುಂಬ ಗುಲಾಬಿ ಬಿಲ್ಲೆಗಳಂಥ ಕೆಂಪುಕಣಗಳು, ಎಲ್ಲೋ ಒಂದೆಡೆ ನೇರಳೆ ಚುಕ್ಕೆಯ ಒಂದು ಬಿಳಿಕಣ. ಸ್ಲೈಡು ಬದಲಿಸಿದರು. ಅತ್ತಿಗೆಯದರಲ್ಲಿ ಗುಲಾಬಿ ಬಿಲ್ಲೆಗಳು ಅಲ್ಲೊಂದು ಇಲ್ಲೊಂದು. ಉಳಿದ ಜಾಗವೆಲ್ಲ ದೊಡ್ಡ ದೊಡ್ಡ ನೇರಳೆ ಉಂಡೆಗಳು, ಎಲ್ಲವೂ ಒಂದೇ ಅಚ್ಚಿನವು, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನನಗೆ ಈ ವಿದ್ಯೆಯ ಗಂಧಗಾಳಿಯಿಲ್ಲ. ಆದರೆ ಬೇರೆಯವರ ಮನೆಯೊಳಗೆ ನುಗ್ಗಿ ಕೂತವರನ್ನು ಗುರುತಿಸಲು ಓದು ಬೇಕಿಲ್ಲ.

“ಏನಿದು ಅತ್ತಿಗೆ?”

“ರಿಸಲ್ಟು ಡಾಕ್ಟರು ಹೇಳ್ತಾರೆ. ನಾವು ಹೇಳೋ ಹಾಗಿಲ್ಲ.”

“ಅತ್ತಿಗೆ, ಇದು ನಿಮ್ಮದೇ...”

“ಯಾರದಾದ್ರೂ ಅಷ್ಟೇ.” ಎಂದು ಎಣ್ಣೆಯ ಬಾಟಲಿ ಮುಚ್ಚುತ್ತ, “ನಿಮ್ಮಣ್ಣಂಗೆ ಈಗಲೇ ಫೋನ್ ಮಾಡ್ಬೇಡ. ಗಾಡಿ ಓಡಿಸ್ತಾ ಇರ್ತಾರೆ. ಅವಳಿಗೂ ಬೇಡ,” ಎಂದರು. ಅವಳು ಎಂದರೆ ಮಗಳು. ಆ ವಾರ ಅವಳಿಗೆ ಪರೀಕ್ಷೆ.

ಕೆಳಗಿನಿಂದ ಡಾಕ್ಟರಮ್ಮನನ್ನು ಕರೆಸಿದರು. ಅವರು ಹೊಸ ಯಂತ್ರವನ್ನು ನೋಡುವ ಉತ್ಸಾಹದಲ್ಲೇ ಮೆಟ್ಟಿಲು ಹತ್ತಿ ಬಂದರು. “ಆಹಾ, ಬಂತಾ? ಇನ್ಮೇಲೆ ನಿಮ್ಮನ್ನ ಹಿಡಿಯೋರೇ ಇಲ್ಲ ಬಿಡಿ!” ಎನ್ನುತ್ತ ಕೂತು, ಕನ್ನಡಕವನ್ನು ನೆತ್ತಿಗೇರಿಸಿ ಕಣ್ಣಿಟ್ಟರು.

ನಗು ಮುಖದಿಂದ ಇಳಿದುಹೋಗಲು ಎಷ್ಟು ಹೊತ್ತು ಬೇಕೆಂದು ಅವತ್ತು ಕಂಡೆ. ಸ್ಲೈಡನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಎಲ್ಲಿಗೆ ಸರಿಸಿದರೂ ಅವೇ ಇದ್ದಿರಬೇಕು.

“ಪೇಷಂಟನ್ನ ಮನೆಗೆ ಕಳಿಸ್ಬೇಡಿ,” ಎಂದರು ತಗ್ಗಿದ ದನಿಯಲ್ಲಿ. “ಇವತ್ತೇ ದೊಡ್ಡ ಆಸ್ಪತ್ರೆಗೆ ಸೇರಿಸ್ಬೇಕು. ನಾಳೆ ನಾಡಿದ್ದು ಅಂತ ಕಾಯೋದಲ್ಲ ಇದು.”

ಹೇಳಿ ತಲೆಯೆತ್ತಿದವರಿಗೆ ನಾನು ಕಂಡೆ. ಬೆರಳಿಗೆ ಹತ್ತಿ ಸುತ್ತಿಕೊಂಡು, ಮುಖ ಬಿಳಿಚಿಕೊಂಡು, ಗೋಡೆಗೆ ಒರಗಿ ನಿಂತಿದ್ದೆ. ಪಾಪ, ಅವರು ಬೇರೆ ಏನು ತಿಳಿಯಬೇಕು? ಎದ್ದು ಬಂದು ನನ್ನ ಭುಜ ಮುಟ್ಟಿದರು. “ಧೈರ್ಯ ತಗೊಳ್ಳಿ. ಈಗೆಲ್ಲ ಒಳ್ಳೊಳ್ಳೆ ಔಷಧಿ ಬಂದಿವೆ. ಸದ್ಯ, ಬೇಗ ಗೊತ್ತಾಯ್ತು.”

ನಾನು ಹೂಂಗುಟ್ಟಿದೆ. ಮಾತನ್ನೇ ಮಾರಿ ಬದುಕುವವನು ನಾನು.

ಡಾಕ್ಟರಮ್ಮ ಅತ್ತಿಗೆಯ ಕಡೆ ತಿರುಗಿ, ನನಗೆ ಕೇಳಿಸಬಾರದೆಂಬಂತೆ ಕೇಳಿದರು. “ಜೊತೇಲಿ ಮನೆ ಕಡೆಯವರು ಯಾರಾದ್ರೂ ಬಂದಿದ್ದಾರಾ?”

ಅತ್ತಿಗೆ ಲೆನ್ಸಿಗೆ ಅಂಟಿದ್ದ ಎಣ್ಣೆಯನ್ನು ಒರೆಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಮನೆ ಕಡೆಯವನು ಇವನೇ, ಡಾಕ್ಟ್ರೇ. ಪೇಷಂಟು ನಾನು.”