ನಲವತ್ತು ಡಿಗ್ರಿಯ ಗಾಳಿ

ಗಂಗಾವತಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಆ ತಮಾಷೆಯನ್ನು ಲೆಕ್ಕದ ಹಾಳೆಗೂ ಇಳಿಸಿದ ಜಾಣೆ ನಾನೊಬ್ಬಳೇ ಇರಬೇಕು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹೊಸತು. ಅಪ್ಪ ಶ್ರೀರಾಮನಗರದ ಕಡೆ ಒಂದು ರೈಸ್‌ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರಿನ ಉಗಿ ಸಾಲು ಕೊಳವೆಗಳಲ್ಲಿ ಹರಿಯುತ್ತಿತ್ತು. ದೊಡ್ಡ ಫ್ಯಾನು ಹೊರಗಿನ ಗಾಳಿಯನ್ನೆಳೆದು ಆ ಕೊಳವೆಗಳ ಮೇಲೆ ಹಾಯಿಸುತ್ತಿತ್ತು. ಕಾದ ಗಾಳಿ ಡ್ರೈಯರಿಗೆ ಹೋಗಿ ಬೇಯಿಸಿದ ಭತ್ತವನ್ನು ಒಣಗಿಸುತ್ತಿತ್ತು. ಆ ಚಳಿಗಾಲದಲ್ಲಿ ಭತ್ತ ಬೇಗ ಒಣಗಲೊಲ್ಲದು. ಮಿಲ್ಲಿನ ಸಾಹುಕಾರರು ನನ್ನನ್ನು ಕರೆಸಿದರು.

"ನೋಡವಾ ತಂಗಿ, ಗಾಳಿ ಎಷ್ಟು ಬಿಸಿ ಆಗಿ ಹೊರಗ ಬರಬೇಕು, ಲೆಕ್ಕ ಹಾಕಿ ಹೇಳು. ಸರಿ ಬಂತಂದ್ರ ನಿನಗೂ ಇಲ್ಲೇ ಕೆಲಸ."

ಉಗಿಯ ಬಿಸಿ, ಕೊಳವೆಗಳ ಅಳತೆ, ಫ್ಯಾನಿನ ವೇಗ ಎಲ್ಲ ಬರೆದುಕೊಂಡೆ. ಒಳಗೆ ಬರುವ ಗಾಳಿ ಎಷ್ಟು ಡಿಗ್ರಿ ಎಂಬಲ್ಲಿ ಪೆನ್ನು ಎತ್ತದೆ ನಲವತ್ತು ಎಂದು ಬರೆದೆ. ನಮ್ಮೂರ ಗಾಳಿ, ಕೇಳುವುದೇನು! ಉತ್ತರ ಎಂಬತ್ತೈದು ಬಂತು. ಅಂದು ಬೆಳಗಿನ ಜಾವ ಡ್ರೈಯರಿನ ಥರ್ಮಾಮೀಟರಿನಲ್ಲಿ ಇದ್ದದ್ದು ಎಪ್ಪತ್ತಮೂರು.

ಹಾಳೆ ನೋಡಿದ ಸಾಹುಕಾರರು ಅಪ್ಪನ ಕಡೆ ತಿರುಗಿದರು. "ಹನ್ನೆರಡು ಡಿಗ್ರಿ ಎಲ್ಲಿಗೆ ಹೋತೋ? ಉಗಿ ಕಮ್ಮಿ ಬಿಡಾಕತ್ತೀ. ಒಲಿ ಮುಂದ ಕುಂತು ನಿದ್ದಿ ಮಾಡ್ತೀಯೇನು?"

ಮೂಟೆ ಹೊರುತ್ತಿದ್ದ ಹಮಾಲರೆಲ್ಲ ನಕ್ಕರು. ಇಪ್ಪತ್ತು ವರ್ಷ ಮೀಟರಿನ ಮುಳ್ಳು ಅಲುಗದಂತೆ ಉಗಿ ಕಾಯ್ದವನು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ. "ನೋಡ್ತೀನ್ರಿ" ಎಂದಷ್ಟೇ ಹೇಳಿ ಹೊರಟುಹೋದ. ನಾಚಿಕೆಯಾಗುತ್ತದೆ ಹೇಳಲು, ಆಗ ನಾನು ಹಡೆದಪ್ಪನಿಗಿಂತ ಹಾಳೆಯನ್ನೇ ನಂಬಿದ್ದೆ.

ಮರುದಿನ ಬೆಳಗಿನ ಜಾವ ಅಪ್ಪ ನನ್ನನ್ನು ಫ್ಯಾನಿನ ಹಿಂದೆ, ಅದು ಹೊರಗಿನ ಗಾಳಿ ಎಳೆಯುವಲ್ಲಿ ನಿಲ್ಲಿಸಿದ. ತಾನು ಮಫ್ಲರ್ ಸುತ್ತಿಕೊಂಡಿದ್ದ.

"ಕೈ ಇಡವಾ."

ಇಟ್ಟೆ. ಬೆರಳು ಮರಗಟ್ಟಿದವು.

"ಎಷ್ಟು ಬರ್ದಿದ್ದಿ?"

"ನಲವತ್ತು."

ಕೆಮ್ಮು ಬರುವಷ್ಟು ನಕ್ಕ. "ನಾ ಇಲ್ಲಿ ಗಡಗಡ ನಡಗಾಕತ್ತೀನಿ, ನಿನ್ನ ಹಾಳ್ಯಾಗ ಬ್ಯಾಸಿಗಿ ನಡದೈತಲ್ಲ!"

ಥರ್ಮಾಮೀಟರ್ ಹಿಡಿದರೆ ಹದಿನಾರು. ಅಲ್ಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮತ್ತೆ ಲೆಕ್ಕ ಹಾಕಿದೆ. ಸರಿಯಾಗಿ ಎಪ್ಪತ್ತಮೂರು ಬಂತು. ಉಗಿಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ.

"ನಿನ್ನೆ ಅಲ್ಲೇ ಯಾಕ ಹೇಳಲಿಲ್ಲಪಾ?"

"ನನಗ ನಿದ್ದಿಬಡಕ ಅಂದ್ರ ಸಂಜೀತನಕ ಮರೀತಾರ. ಹುಡುಗಿಗೆ ಲೆಕ್ಕ ಬರೂದಿಲ್ಲ ಅಂದ್ರ ಈ ಮಂದಿ ಮರಿಯೂದಿಲ್ಲವಾ."

ನನಗೆ ತಡೆಯಲಾಗಲಿಲ್ಲ. ಅದೇ ಹಮಾಲರ ಎದುರು ಸಾಹುಕಾರರಿಗೆ ಹೇಳಿದೆ, ತಪ್ಪು ನನ್ನದು, ಅಪ್ಪನ ಉಗಿ ಸರಿ ಇದೆ ಎಂದು. ಅವರು ಹೂಂ ಎಂದರು. ಕೆಲಸದ ಮಾತು ಮತ್ತೆ ಎತ್ತಲಿಲ್ಲ. ತಾನು ಬೈಸಿಕೊಂಡು ಉಳಿಸಿದ್ದ ಕೆಲಸವನ್ನು ನಾನೇ ಕೈಯಾರೆ ಕಳೆದುಕೊಂಡೆನೆಂದು ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ತಾನೇ ಚಹಾ ತಂದು ಮುಂದಿಟ್ಟ.

ಈಗ ಕೊಪ್ಪಳದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನನಗೆ ಇಂಥ ಲೆಕ್ಕಗಳದ್ದೇ ಕೆಲಸ. ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ. ಒಳಗೆ ಬರುವ ಗಾಳಿ ಎಷ್ಟು ಎಂದು ಅದು ಕೇಳಿದಾಗ ಮಾತ್ರ ನಾನು ಎದ್ದು ಹೊರಗೆ ಹೋಗಿ ಕೈ ಒಡ್ಡಿ ನಿಲ್ಲುತ್ತೇನೆ. ಜೊತೆಯವರು ನಗುತ್ತಾರೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಚಳಿಗೆ ಬೆರಳು ಮರಗಟ್ಟಿದರೆ, ಅವನು ಅಷ್ಟು ಜನರೆದುರು ನನಗಾಗಿ ಬೈಸಿಕೊಂಡದ್ದು ನೆನಪಾಗಿ ಕಣ್ಣು ತುಂಬುತ್ತವೆ. ಒರೆಸಿಕೊಂಡು ಥರ್ಮಾಮೀಟರ್ ನೋಡಿ ಒಳಗೆ ಬರುತ್ತೇನೆ; ಹದಿನಾರಿದ್ದರೆ ಹದಿನಾರು ಎಂದೇ ಬರೆಯುತ್ತೇನೆ.